ಡ್ರಮ್ಮಿಗೆ ಕಂಬಳಿ ಹೊದಿಸಿದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಿಗೆ ಹೆಂಡತಿಗಿಂತ ಸಗಣಿಯ ಮೇಲೆ ಪ್ರೀತಿ ಹೆಚ್ಚು ಎಂದು ನಮ್ಮೂರು ಸಂಸೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ. ದಾರಿಯಲ್ಲಿ ದನ ಬಾಲ ಎತ್ತಿದರೆ ಸಾಕು, ಮಾತನ್ನು ಅರ್ಧಕ್ಕೇ ಬಿಟ್ಟು ಬುಟ್ಟಿ ಹಿಡಿದು ಓಡುವ ಮನುಷ್ಯನ ಬಗ್ಗೆ ಇನ್ನೇನು ಹೇಳುವುದು? ಕಳಸದ ಬಸ್ಸು ಅವರಿಗೆ ಎಷ್ಟೋ ಸಲ ತಪ್ಪಿದ್ದು ಹೀಗೆಯೇ!

ಆಗ ಗೋಬರ್ ಗ್ಯಾಸ್ ನಮ್ಮ ಕಡೆಗೆ ಹೊಸತು. ಹೊಗೆ ಕುಡಿದು ಕುಡಿದು ಚಿಕ್ಕಮ್ಮನ ಎದೆ ಕೆಟ್ಟಿತ್ತು. ಇನ್ನೂ ಸೌದೆ ಒಲೆಯ ಮುಂದೆ ಕೂತರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಚಿಕ್ಕಪ್ಪ ಮನೆಗೆ ಬಂದವರೇ ಹಾರೆ ತೆಗೆದುಕೊಂಡು ಒಲೆಯನ್ನು ಒಡೆದು ಹಾಕಿದರು. ಗ್ಯಾಸಿನ ಗುಂಡಿ ಆಗಬೇಕಲ್ಲ ಎಂಬುದು ಆಮೇಲೆ ನೆನಪಾಯಿತು. ತೋಡಿದವನು ನಾನು. ಶಾಲೆ ಅರ್ಧಕ್ಕೇ ಬಿಟ್ಟವನಾದರೂ ನಾನು ತೋಡಿದ ಗುಂಡಿಯ ಅಂಚು ಓರೆಯಾಗುವುದಿಲ್ಲ. ಬೇಕಾದವರು ಈಗಲೂ ಹೋಗಿ ನೋಡಬಹುದು.

ಸಗಣಿ ಕಲಸಿ ತುಂಬಿದೆವು. ಗುಂಡಿಯ ಮೇಲೆ ಕವುಚಿದ್ದ ಕಬ್ಬಿಣದ ಡ್ರಮ್ಮು ಗ್ಯಾಸು ತುಂಬಿಕೊಂಡು ಮೇಲೆದ್ದಿತು, ಅಡುಗೆಮನೆಯಲ್ಲಿ ನೀಲಿ ಉರಿ ಬಂತು. ಅಷ್ಟಕ್ಕೇ ಸುಮ್ಮನಾಗಿದ್ದರೆ ಅವರು ನಮ್ಮ ಚಿಕ್ಕಪ್ಪ ಹೇಗಾದಾರು?

ಕಾಫಿ ಕುಯ್ಲು ಬಂತು. ಕಾಫಿಹಣ್ಣು ಸುಲಿಯುವ ಪಲ್ಪರ್ ಯಂತ್ರದ ಹಿಂದೆ ಸಿಪ್ಪೆ ಗುಡ್ಡೆ ಬಿದ್ದದ್ದನ್ನು ಕಂಡು ಅವರ ಕಣ್ಣು ಹೊಳೆಯಿತು. "ದನ ತಿಂದು ಹಾಕಿದ್ರಲ್ಲೇ ಇಷ್ಟು ಗ್ಯಾಸು. ಇದನ್ನ ದನಾನೂ ಮುಟ್ಟಿಲ್ಲ ಮಾರಾಯ, ಸತ್ವ ಪೂರಾ ಇದ್ರಲ್ಲೇ ಇದೆ" ಎಂದು ಗುಡ್ಡೆಯನ್ನೆಲ್ಲ ಗುಂಡಿಗೆ ಸುರಿಸಿದರು.

ಡ್ರಮ್ಮು ದಿನದಿನಕ್ಕೆ ಕುಸಿಯಿತು. ಗುಂಡಿಯಿಂದ ಹುಳಿ ವಾಸನೆ. ಉರಿ ಮೊದಲು ಸಣ್ಣಗಾಯಿತು, ಆಮೇಲೆ ಇಲ್ಲವಾಯಿತು. ಚಿಕ್ಕಮ್ಮ ಹಿತ್ತಲಲ್ಲಿ ಕಲ್ಲು ಹೂಡಿ ಹಸಿ ಸೌದೆ ಊದತೊಡಗಿದರು. ಊದಿದ್ದಕ್ಕಿಂತ ಕೆಮ್ಮಿದ್ದೇ ಹೆಚ್ಚು.

"ನಾನು ಬೇಯಿಸ್ತೀನಿ, ನೀವು ಒಳಗೆ ಹೋಗಿ ಚಿಕ್ಕಮ್ಮ" ಎಂದೆ.

"ಹೋಗೋ, ನಿನ್ನ ಗಂಜಿ ತಿನ್ನೋದಕ್ಕಿಂತ ಹೊಗೆನೇ ವಾಸಿ" ಎಂದವರು ಚಿಕ್ಕಪ್ಪನ ಕಡೆ ತಿರುಗಿದರು. "ದನ ಆದ್ರೂ ತಿಂದ್ಮೇಲೆ ಮಲ್ಕೊಂಡು ಮೆಲುಕು ಹಾಕತ್ತೆ. ನೀವು ಆ ಗುಂಡಿಗೆ ಅದಕ್ಕೂ ಪುರುಸೊತ್ತು ಕೊಡ್ಲಿಲ್ಲ."

ಯಾವ ಮಾತಿಗೂ ಸೋಲದ ಚಿಕ್ಕಪ್ಪ ಅಂದು ಬುಟ್ಟಿ ತೆಗೆದುಕೊಂಡು ಸೀದಾ ಗುಂಡಿಯ ಕಡೆ ನಡೆದರು. ನನಗೆ ಭಯವಾದದ್ದು ಆಗಲೇ.

ಅರ್ಧ ಗುಂಡಿ ಖಾಲಿ ಮಾಡಿದೆವು. ಬಾಣಂತಿಗೆ ಪಥ್ಯ ಕೊಟ್ಟಂತೆ ಅವರು ಗುಂಡಿಗೆ ಹುಳಿ ಮುರಿಯಲು ಸುಣ್ಣದ ತಿಳಿನೀರು, ತೆಳ್ಳಗೆ ಕದಡಿದ ಸಗಣಿ ಕೊಡುತ್ತ ಬಂದರು. ಚಳಿಗೆ ತಣ್ಣಗಾದೀತೆಂದು ತಮ್ಮ ಕಂಬಳಿಯನ್ನೇ ಡ್ರಮ್ಮಿಗೆ ಹೊದಿಸಿ, ತಾವು ಗೋಣಿಚೀಲ ಹೊದ್ದು ಪಕ್ಕದಲ್ಲಿ ಕೂತರು. ನೋಡಲು ಬಂದವರು ನಕ್ಕರು. ನನಗೆ ನಗು ಬರಲಿಲ್ಲ. ಹಿತ್ತಲಿನ ಕೆಮ್ಮು ದಿನಾ ಉದ್ದವಾಗುತ್ತಿತ್ತು, ಡ್ರಮ್ಮು ಕದಲುತ್ತಿರಲಿಲ್ಲ.

ಒಂದು ಬೆಳಿಗ್ಗೆ ನೋಡಿದರೆ, ಗುಂಡಿಯ ರಾಡಿಗೆ ತಾಗುತ್ತಿದ್ದ ಕಂಬಳಿಯ ಅಂಚು ಮೇಲೆ ನೇತಾಡುತ್ತಿತ್ತು. ಡ್ರಮ್ಮು ಎದ್ದಿತ್ತು.

ಚಿಕ್ಕಮ್ಮ ಕಡ್ಡಿ ಗೀರಿದರು. ಆರಿತು. ಇನ್ನೊಂದು. ಅದೂ ಆರಿತು. ಚಿಕ್ಕಪ್ಪ ಒಳಗೇ ಬರಲಿಲ್ಲ. ಹೊರಗೆ ಅಡುಗೆಮನೆಯ ಗೋಡೆಗೆ ಕಿವಿಯಿಟ್ಟು ನಿಂತಿದ್ದರು. ಕೊನೆಗೆ ನೀಲಿ ಉರಿ ಹತ್ತಿಕೊಂಡಿತು, ಕಾಫಿಗಿಟ್ಟ ನೀರು ಸದ್ದು ಮಾಡಿತು.

ನಾನು ಹೊರಗೆ ಓಡಿ, "ಕೇಳಿಸ್ತಾ ಚಿಕ್ಕಪ್ಪ, ಗ್ಯಾಸಿನ ಸದ್ದು?" ಎಂದೆ.

"ಗ್ಯಾಸಿನ ಮನೆ ಹಾಳಾಗ್ಲಿ, ಸುಮ್ನಿರು ಮಾರಾಯ" ಎಂದು ಗೋಡೆಯಿಂದ ಕಿವಿ ತೆಗೆಯದೆ ಕೈ ಎತ್ತಿದರು. "ನೀರು ಕುದಿ ಬಂತು. ಅವಳು ಒಂದ್ಸಲಾನೂ ಕೆಮ್ಲಿಲ್ಲ."