ಬಾಣಂತಿ ಕೋಣೆಗೆ ನಾನು ಹಾಕಿದ ಧೂಪ

ನಾನು ತಾತ ಆದೆ! ಮೊಮ್ಮಗಳು! ತಲೆ ತುಂಬ ಕೂದಲು, ಗುಲಾಬಿ ಅಂಗಾಲು, ಮೂಗು ಮಾತ್ರ ಥೇಟ್ ನನ್ನದೇ. ಹಲಸೂರಿನ ನಮ್ಮ ಗಲ್ಲಿಯಲ್ಲಿ ಹಾಲಿನವರಿಂದ ಹಿಡಿದು ಕೇಬಲ್ ದುಡ್ಡು ಕೇಳಲು ಬಂದವರವರೆಗೆ ಎಲ್ಲರ ಬಾಯಿಗೂ ಮೈಸೂರು ಪಾಕ್ ತುರುಕಿದೆ.

ಮಗಳು ರೇಖಾ ಆಸ್ಪತ್ರೆಯಿಂದ ಕೂಸಿನೊಂದಿಗೆ ಮನೆಗೆ ಬರುವ ದಿನ ಅದು. ನನ್ನ ಹೆಂಡತಿ ಗೌರಮ್ಮ ಬಾಣಂತಿ ಕೋಣೆಯನ್ನು ಕೋಟೆಯ ಹಾಗೆ ಭದ್ರ ಮಾಡಿದ್ದಳು. ಶೀತಗಾಳಿ ನುಗ್ಗಬಾರದೆಂದು ಕಿಟಕಿ ಸಂದಿಗಳಿಗೆಲ್ಲ ಹಳೆ ಬಟ್ಟೆ ತುರುಕಿದ್ದಳು. ಮನೆಗೆ ಬಂದ ಕೂಸನ್ನು ಮೊದಲು ಅಜ್ಜಿಯ ಮದುವೆ ಸೀರೆಯ ಮೇಲೆ ಮಲಗಿಸುವುದು ನಮ್ಮಲ್ಲಿ ಪದ್ಧತಿ. ಸೀರೆ ತೆಗೆದು ನೋಡಿದರೆ, ಸೆರಗಿನಲ್ಲಿ ಅಂಗೈ ಅಗಲದ ಎಣ್ಣೆ ಕಲೆ!

"ಇರ್ಲಿ ಬಿಡ್ರೀ, ಮಡಚಿ ಹಾಸಿದ್ರೆ ಕಾಣಲ್ಲ," ಎಂದಳು ಗೌರಮ್ಮ.

ಶಿವಾಜಿನಗರದ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಮೂವತ್ತು ವರ್ಷ ರೇಷ್ಮೆ ತೊಳೆದವನಿಗೆ ಹೇಳುವ ಮಾತೇ ಇದು! ಅಂಗಡಿ ಮುಚ್ಚಿದಾಗ ಉಳಿದಿದ್ದ ಒಂದು ಕ್ಯಾನ್ ದ್ರವವನ್ನು ಜತನದಿಂದ ಮನೆಗೆ ತಂದಿಟ್ಟಿದ್ದೆ. ನೋಡಲು ನೀರಿನ ಹಾಗೆ. ಎಣ್ಣೆ, ಜಿಡ್ಡು ಏನಿದ್ದರೂ ಎತ್ತಿಬಿಡುತ್ತದೆ. ಬಣ್ಣ ಹೋಗುವುದಿಲ್ಲ, ಬೆಂಕಿ ಕಡ್ಡಿ ಗೀರಿದರೂ ಹೊತ್ತಿಕೊಳ್ಳುವುದಿಲ್ಲ. ಇಷ್ಟೆಲ್ಲ ಗುಣ ಇರುವ ಮನುಷ್ಯನನ್ನೇ ನಾನು ಕಂಡಿಲ್ಲ!

ಗೌರಮ್ಮ ಅಡುಗೆಮನೆ ಸೇರಿದ್ದೇ ತಡ, ಕಾರ್ಯಾಚರಣೆ ಆರಂಭಿಸಿದೆ. ಸೆರಗಿಗೆ ಒಂದು ಚೊಂಬು ಸುರಿದೆ. ಕಲೆ ಮಾಯ! ಆ ಹುಮ್ಮಸ್ಸಿಗೆ ಇಡೀ ಸೀರೆಯನ್ನೇ ಅದ್ದಿ ತೆಗೆದು, ಧೂಳು ತಾಗಬಾರದೆಂದು ಬಾಣಂತಿ ಕೋಣೆಯೊಳಗೇ ಹರವಿ ಬಾಗಿಲು ಹಾಕಿಕೊಂಡೆ.

ಸ್ವಲ್ಪ ಹೊತ್ತಿಗೆ ಸಿಹಿ ಸಿಹಿ ಘಾಟು ಕೋಣೆ ತುಂಬಿತು. ತಲೆ ತೇಲಿದಂತಾಯಿತು. ತಾತ ಆದ ಖುಷಿ ಎಂದುಕೊಂಡೆ!

ಆದರೂ ಕೂಸಿಗೆ ಈ ವಾಸನೆ ಬೇಡ ಅನ್ನಿಸಿತು. ಉಪಾಯ ಹೊಳೆಯಿತು. ಬಚ್ಚಲ ಒಲೆಯಿಂದ ನಿಗಿನಿಗಿ ಕೆಂಡ ತಂದು, ಮುಷ್ಟಿ ತುಂಬ ಸಾಂಬ್ರಾಣಿ ಹಾಕಿ, ಒದ್ದೆ ಸೀರೆಯ ಕೆಳಗೇ ಧೂಪದ ಹರಿವಾಣ ಇಟ್ಟೆ.

ಸಾಂಬ್ರಾಣಿ ಪರಿಮಳ ಬರಲಿಲ್ಲ. ಗಂಟಲು ಸೀಳುವ ಇನ್ಯಾವುದೋ ಗಾಳಿ ಬಂತು. ಕಣ್ಣು ಉರಿಯಿತು, ಎದೆ ಹಿಡಿಯಿತು. ಗೋಡೆ ಹಿಡಿದು ಹೊರಬಿದ್ದು ಬಾಗಿಲೆಳೆದೆ.

ಅಷ್ಟರಲ್ಲಿ ರೇಖಾ, ಅಳಿಯ, ಕೂಸನ್ನು ಹೊತ್ತ ಆಟೋ ಬಂತು!

ಗೌರಮ್ಮ ಆರತಿ ಎತ್ತಿದಳು. ಕೂಸನ್ನು ಎತ್ತಿಕೊಂಡು ನೇರ ಕೋಣೆಯ ಕಡೆ ನಡೆದಳು. ತಡೆಯಬೇಕೆಂದರೆ ನನಗೆ ಕೆಮ್ಮು ಬಿಟ್ಟು ಬೇರೆ ಭಾಷೆಯೇ ಬರುತ್ತಿಲ್ಲ. ಓಲಾಡುತ್ತ ಹೋಗಿ ಬಾಗಿಲಿಗೆ ಅಡ್ಡ ನಿಂತು ಎರಡೂ ಕೈ ಚಾಚಿದೆ.

ಗೌರಮ್ಮ ನನ್ನ ಕೆಂಪು ಕಣ್ಣು ನೋಡಿದಳು. "ಅಯ್ಯೋ, ಹಾಕ್ಕೊಂಡು ಬಂದ್ಬಿಟ್ರಾ? ಇವತ್ತಾದ್ರೂ ಸುಮ್ನಿರೋಕಾಗ್ಲಿಲ್ವಾ? ಸರೀರಿ ಆಕಡೆ, ಮಗೂಗೆ ಥಂಡಿ ಆಗುತ್ತೆ!"

ನಾನು ಅಲ್ಲಾಡಲಿಲ್ಲ. ಅವಳ ಕೈ ಚಿಲಕದ ಮೇಲಿತ್ತು. ಬಾಗಿಲು ಎರಡು ಬೆರಳಷ್ಟು ತೆರೆದೇಬಿಟ್ಟಿತು.

"ಬೇ... ಬೇಡ ಕಣೇ! ಒಳಗೆ ವಿಷ!"

ಅಳಿಯ ಮಂಜುನಾಥ ವಿಮಾನಪುರದ ವರ್ಕ್‌ಶಾಪೊಂದರಲ್ಲಿ ಕೆಲಸ ಮಾಡುವವರು. ಗಾಳಿ ಮೂಗಿಗೆ ಬಡಿದ ಕೂಡಲೇ ಬಾಗಿಲನ್ನು ರಪ್ಪನೆ ಎಳೆದು ಹಾಕಿದರು. "ಅತ್ತೆ, ಮಗು ಕರ್ಕೊಂಡು ಹೊರಗೆ ಓಡಿ! ರೇಖಾ, ನೀನೂ! ಮಾವ, ನಡೀರಿ!"

ಎಲ್ಲರೂ ಎದುರುಮನೆ ತಮಿಳಿನ ಸೆಲ್ವಿ ಅಕ್ಕನ ಜಗಲಿ ಸೇರಿದೆವು. ನನ್ನ ತಪ್ಪೊಪ್ಪಿಗೆ ಕೇಳಿ ಮಂಜುನಾಥ ಹಣೆ ಚಚ್ಚಿಕೊಂಡರು. "ಮಾವ, ಅದರಲ್ಲಿ ಕ್ಲೋರಿನ್ ಇರುತ್ತೆ. ಪಾರ್ಟ್ಸ್ ಗ್ರೀಸ್ ತೆಗೆಯೋಕೆ ಇದೇ ಜಾತೀದು ನಮ್ಮಲ್ಲೂ ಇದೆ, ಮಾಸ್ಕ್ ಇಲ್ದೆ ಯಾರನ್ನೂ ಹತ್ರ ಬಿಡಲ್ಲ. ಆವಿ ಕುಡಿದ್ರೆ ತಲೆ ತಿರುಗುತ್ತೆ. ದಿನಾ ಕುಡಿದ್ರೆ ಲಿವರ್, ಕಿಡ್ನಿ ಎರಡಕ್ಕೂ ಪೆಟ್ಟು. ತಾಯಿ ಉಸಿರಾಡಿದ್ರೆ ಎದೆಹಾಲಿಗೂ ಇಳಿಯುತ್ತೆ. ಅದು ಹೊತ್ಕೊಳ್ಳಲ್ಲ, ಸರಿ. ಆದ್ರೆ ಕೆಂಡದ ಬಿಸಿ ತಾಗಿದ್ರೆ ಒಡೆದು ವಿಷಗಾಳಿ ಆಗುತ್ತೆ!"

ಅಂಗಡಿಯಲ್ಲಿ ನಮ್ಮ ಧಣಿ ಮೂವತ್ತು ವರ್ಷ "ಕಿಟಕಿ ತೆಗೀರೋ, ಬೀಡಿ ಹಚ್ಬೇಡ್ರೋ" ಎಂದು ಕೂಗುತ್ತಿದ್ದದ್ದು ಆಗ ನೆನಪಾಯಿತು. ತಡವಾಗಿ ನೆನಪಾಗುವ ವಿಷಯದಲ್ಲಿ ನಾನು ಎಂದೂ ತಪ್ಪಿದವನಲ್ಲ!

ಅಗ್ನಿಶಾಮಕದವರು ಮುಖವಾಡ ಹಾಕಿಕೊಂಡು ಬಂದು ಕಿಟಕಿ ತೆಗೆದರು, ಕ್ಯಾನ್ ಒಯ್ದರು. ರೇಖಾ, ಕೂಸು ಬಿಟ್ಟುಬಂದಿದ್ದ ಆಸ್ಪತ್ರೆಗೇ ವಾಪಸ್ಸು. ಜೊತೆಗೆ ಈ ಸಲ ನಾನೂ. ಡಾಕ್ಟರು ಮೊದಲು ಕೂಸಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟರು. ಅವರು ತಲೆ ಎತ್ತುವವರೆಗೆ ನಾನು ಉಸಿರಾಡಲಿಲ್ಲ.

"ಮಗು ಚೆನ್ನಾಗಿದೆ, ತಾಯಿನೂ ಆರಾಮ್. ತಾತನ್ನ ಇಲ್ಲೇ ಇಟ್ಕೋತೀವಿ. ಈ ಗಾಳಿ ಲೇಟಾಗಿ ತೊಂದ್ರೆ ಕೊಡಬಹುದು."

ಒಂದು ರಾತ್ರಿ ಒಂದು ಹಗಲು ಕಾದು, ಮರುದಿನ ಸಂಜೆ ನನ್ನನ್ನು ಬಿಟ್ಟರು. ಮನೆ ಇನ್ನೂ ಗಾಳಿಗೆ ತೆರೆದಿತ್ತು. ಕೂಸಿಗೆ ಕಲೆಯಿಲ್ಲದ ಸೀರೆ ಸಿದ್ಧಮಾಡಲು ಹೋದವನು ಇಡೀ ಸಂಸಾರವನ್ನೇ ಎದುರುಮನೆಗೆ ಸಾಗಿಸಿದ್ದೆ!

"ವಾಂಗ ತಾತಾ, ಊಟ ರೆಡಿ ಇದೆ," ಎಂದರು ಸೆಲ್ವಿ ಅಕ್ಕ. ಎಲ್ಲರೂ ಸಾಲಾಗಿ ಕೂತೆವು. ರೇಖಾಗೆ ಮೆಣಸಿನ ಸಾರು, ನಮಗೆ ಸೊಪ್ಪು ಮಸೆದ ಕೀರೆ ಮಸಿಯಲ್, ಅನ್ನ. ಗೌರಮ್ಮ ಹಿಂದಿನ ದಿನದಿಂದ ನನ್ನೊಡನೆ ಮಾತಾಡಿರಲಿಲ್ಲ. ಈಗ ಕೇಳದೆಯೇ ನನ್ನ ತಟ್ಟೆಗೆ ತುಪ್ಪ ಬಡಿಸಿದಳು. ಕ್ಷಮೆ ಸಿಕ್ಕಿತೆಂದು ಎದೆಯುಬ್ಬಿಸಿದೆ.

ಅಷ್ಟರಲ್ಲಿ ಕೂಸು ಪುಟ್ಟದಾಗಿ ಒಂದು ಸೀನು ಸೀನಿತು.

ನಾಲ್ಕೂ ಜನ ತುತ್ತು ನಿಲ್ಲಿಸಿ ನನ್ನನ್ನೇ ನೋಡಿದರು!

ನಾನು ತಟ್ಟೆ ಎತ್ತಿಕೊಂಡು ಹೊರಗೆ ಜಗಲಿ ಮೇಲೆ ಹೋಗಿ ಕೂತೆ.