ಅತ್ತೆಯ ಕೊರಳಿನ ಚೀನಾ ಕರಡಿ

ಪಾಠ ಹೇಳಿ ಹೊಟ್ಟೆ ಹೊರೆಯುವವರಿಗೆ ಒಂದು ರೋಗವಿದೆ. ತಮಗೆ ಗೊತ್ತಿಲ್ಲದ್ದನ್ನು ಯಾರಾದರೂ ಕೇಳಿದರೆ ‘ಗೊತ್ತಿಲ್ಲ’ ಎನ್ನಲು ಅವರ ನಾಲಿಗೆ ಹೊರಳುವುದಿಲ್ಲ. ‘ನೋಡಿ ಹೇಳ್ತೇನಿ’ ಎಂದುಬಿಡುತ್ತಾರೆ. ಹಾವೇರಿಯ ಹೈಸ್ಕೂಲೊಂದರಲ್ಲಿ ಬಹಳ ವರ್ಷಗಳಿಂದ ವಿಜ್ಞಾನ ಕಲಿಸುತ್ತಿರುವ ನನಗೆ ಈ ರೋಗ ಹಳೆಯದು. ನಮ್ಮ ಮನೆಯ ಮಿಕ್ಸರ್ ಕೆಟ್ಟದ್ದು ಒಂದು ದಿನ, ನಾನು ಅದನ್ನು ‘ನೋಡಿದ್ದು’ ಮರುದಿನ, ರಿಪೇರಿಯವನು ಕೈಮುಗಿದು ವಾಪಸ್ ಕೊಟ್ಟದ್ದು ಅದರ ಮರುದಿನ ಎಂದು ನನ್ನ ಹೆಂಡತಿ ಗಿರಿಜಾ ಇಂದಿಗೂ ಬಂದವರ ಮುಂದೆ ಹೇಳುತ್ತಾಳೆ. ಅಂಥ ನನ್ನ ಕೈಗೆ ಹೋದ ವರ್ಷ ಚೀನಾ ದೇಶದ ಬಂಗಾರದ ನಾಣ್ಯವೊಂದು ಬಂತು. ಖರೇ ಬಂಗಾರವೋ ಅಲ್ಲವೋ ನಾನೇ ನೋಡಿ ಹೇಳಬೇಕಾಗಿತ್ತು.

ನಾಣ್ಯ ನಮ್ಮ ಅತ್ತೆಯದು. ಅತ್ತೆ ಬ್ಯಾಡಗಿಯವರು. ಈಗ ತೀರಿಕೊಂಡಿರುವ ನಮ್ಮ ಮಾವ ಅಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದರು. ಒಮ್ಮೆ ಕಾಯಿ ನೋಡಲು ಚೀನಾದಿಂದ ಒಬ್ಬ ಖರೀದಿದಾರ ಬಂದಿದ್ದನಂತೆ. ಹೋಟೆಲಿನ ಊಟ ಅವನಿಗೆ ಸೇರದೆ ಎರಡು ದಿನ ಬರೀ ಬಾಳೆಹಣ್ಣು ತಿಂದುಕೊಂಡಿದ್ದನ್ನು ನೋಡಿ ಮಾವ ಮನೆಗೆ ಕರೆತಂದರು. ಅತ್ತೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಮೆಣಸಿನಹಣ್ಣಿನ ಕೆಂಪಿಂಡಿ ಬಡಿಸಿದರು. ಅವನು ಬೆವರು ಒರೆಸಿಕೊಳ್ಳುತ್ತ, ಮೂಗು ಸೇದುತ್ತ, ಐದು ರೊಟ್ಟಿ ತಿಂದ. ಊರಿಗೆ ಹೊರಡುವ ಮುಂಚೆ ಮತ್ತೆ ಮನೆಗೆ ಬಂದು, ಮಾವನ ಕೈಗಲ್ಲ, ಅತ್ತೆಯ ಕೈಗೆ, ಕೆಂಪು ಕಾಗದದ ಪೊಟ್ಟಣವೊಂದನ್ನು ಎರಡೂ ಕೈಯಿಂದ ಕೊಟ್ಟು ತಲೆಬಾಗಿದ. ಒಳಗೆ ಈ ನಾಣ್ಯವಿತ್ತು. ಅದರ ಮೇಲೆ ಬಿದಿರು ತಿನ್ನುತ್ತ ಕುಳಿತ ಪಾಂಡಾ. ಅತ್ತೆ ಅದನ್ನು ಕರಡಿ ಎನ್ನುತ್ತಾರೆ.

ಅತ್ತೆಯ ಹತ್ತಿರ ಬಂಗಾರಕ್ಕೇನೂ ಕೊರತೆಯಿಲ್ಲ. ಆದರೆ ಬೋರಮಾಳ ತವರಿನವರು ಹಾಕಿದ್ದು, ಪಾಟ್ಲಿ ಮಾವ ಮಾಡಿಸಿದ್ದು. ಇದೊಂದು ಮಾತ್ರ ಅವರು ಸ್ವಂತ ದುಡಿದದ್ದು. “ಇದು ನನ್ನ ಕೈರುಚಿಗೆ ಬಂದದ್ದು” ಎಂದು ಹೇಳುವಾಗ ಅವರ ದನಿಯೇ ಬೇರೆಯಾಗುತ್ತದೆ. ನಮ್ಮ ಕಡೆ ನಾಣ್ಯವನ್ನು ಪೆಟ್ಟಿಗೆಯಲ್ಲಿಟ್ಟು ಪೂಜಿಸುವ ಪದ್ಧತಿ ಇಲ್ಲ. ಬಂಗಾರ ಎಂದ ಮೇಲೆ ಅದು ಕೊರಳಿಗೆ ಬರಬೇಕು. ಆದರೆ ಬರೀ ಕರಡಿಯನ್ನು ಎದೆಯ ಮೇಲೆ ಹಾಕಿಕೊಂಡು ಓಡಾಡುವುದು ಹೇಗೆ? ಅದಕ್ಕೇ ರಾಣೆಬೆನ್ನೂರಿನ ಪತ್ತಾರರ ಹತ್ತಿರ ಸುತ್ತ ಕಟ್ಟು ಹಾಕಿಸಿ, ಹಿಂದೆ ಲಕ್ಷ್ಮಿ ಮೂಡಿಸಿದ ಬಂಗಾರದ ತಗಡು ಕೂಡಿಸಿ, ಪದಕ ಮಾಡಿಸಿದರು. ಅಲ್ಲಿಂದ ಮುಂದೆ ಮದುವೆ, ಮುಂಜಿ, ಕುಬಸ ಎಲ್ಲದಕ್ಕೂ ಮುಂದೆ ಕರಡಿ, ಹಿಂದೆ ಲಕ್ಷ್ಮಿ.

ಹೋದ ವರ್ಷ ಮೋಟೆಬೆನ್ನೂರಿನಲ್ಲಿ ಬಳಗದವರೊಬ್ಬರ ಮನೆಯ ಬಸುರಿ ಸೊಸೆಗೆ ಕುಬಸ. ಅತ್ತೆಯ ಮೈದುನನ ಮಗ ಬಸವರಾಜನೂ ಬಂದಿದ್ದ. ಅವನದು ಮೊಬೈಲ್ ಅಂಗಡಿ. ಮಾತು ಸ್ವಲ್ಪ ಜಾಸ್ತಿ, ಮನಸ್ಸು ಕೆಟ್ಟದ್ದಲ್ಲ. ಪಂಕ್ತಿಯಲ್ಲಿ ಎಲ್ಲರೂ ಕುಳಿತಿರುವಾಗ ಅವನು, “ದೊಡ್ಡವ್ವ, ಚೀನಾ ಮಾಲು ಕೊರಳಾಗ ಹಾಕ್ಕೊಂಡೀಯಲ್ಲ, ಗ್ಯಾರಂಟಿ ಕಾರ್ಡ್ ಕೊಟ್ಟಾರೇನು?” ಎಂದ. ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಆದರೆ ಮನೆಗೆ ಬಂದವರೇ ಅತ್ತೆ ಪದಕ ತೆಗೆದು ಟ್ರಂಕಿನಲ್ಲಿಟ್ಟರು. ಮುಂದಿನ ಎರಡು ಮದುವೆಗಳಿಗೆ ಹಾಕಿಕೊಳ್ಳಲಿಲ್ಲ. ಮೂರನೆಯ ಮದುವೆಗೆ ಹೋಗಲೇ ಇಲ್ಲ. ಕೊನೆಗೊಂದು ದಿನ ಪದಕವನ್ನು ಕರವಸ್ತ್ರದಲ್ಲಿ ಸುತ್ತಿ ನನ್ನ ಕೈಗಿಟ್ಟು, “ಅಳಿಯಾರ, ನೀವು ಸಾಯನ್ಸ್ ಕಲಸಾವ್ರು. ನೋಡಿ ಇದ್ದದ್ದು ಹೇಳಿಬಿಡ್ರಿ” ಎಂದರು.

ಪತ್ತಾರರ ಹತ್ತಿರ ಒಯ್ದಿದ್ದರೆ ಐದು ನಿಮಿಷದ ಕೆಲಸ. ಆದರೆ ಕೇಳಿದ್ದು ನನ್ನನ್ನಲ್ಲವೇ. ಮೂರು ವಾರ ನಾನು ಮೊಬೈಲಿನಲ್ಲಿ ಪಾಂಡಾ ನಾಣ್ಯದ ವಿಡಿಯೋ ನೋಡಿದೆ. ಒಂದೊಂದು ವರ್ಷದ ನಾಣ್ಯಕ್ಕೆ ಒಂದೊಂದು ಪಾಂಡಾ, ಕೆಲವು ವರ್ಷದವು ಬಹಳ ಅಪರೂಪ, ಸಂಗ್ರಹಕಾರರು ಅದಕ್ಕಾಗಿ ಹಾತೊರೆಯುತ್ತಾರೆ ಎಂದೆಲ್ಲ ತಿಳಿಯಿತು. ಅಸಲಿಯಾದರೆ ಚಿತ್ರದ ಸುತ್ತಲಿನ ಬಯಲು ಕನ್ನಡಿಯಂತೆ ಹೊಳೆಯಬೇಕು, ಪಾಂಡಾದ ಕೂದಲು ಎಳೆಎಳೆಯಾಗಿ ಕಾಣಬೇಕು, ಅಂಚಿನ ಗೆರೆಗಳು ಒಂದೇ ಸಮ ಇರಬೇಕು. ನಾನು ಶಾಲೆಯ ಭೂತಗನ್ನಡಿ ಹಿಡಿದು ನೋಡಿದೆ. ಅತ್ತೆ ಮಂಗಳವಾರ, ಶುಕ್ರವಾರ ಅಂಟುವಾಳದ ನೀರು ಹಾಕಿ ಹಳೆಯ ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ಕರಡಿಗೆ ಕ್ಷೌರ ಮಾಡಿಸಿದ್ದರು. ಒಂದು ಕೂದಲೂ ಉಳಿದಿರಲಿಲ್ಲ. ಒಂದು ಕಣ್ಣು ಪೂರ್ತಿ ಹೋಗಿತ್ತು. ಬೆಲೆ, ತೂಕ ಬರೆದಿರಬೇಕಾದ ಜಾಗದಲ್ಲಿ ಬೆರಳು ಆಡಿಸಿದರೆ ನುಣ್ಣಗಿತ್ತು. ಅಂಚು ಕಟ್ಟಿನೊಳಗೆ ಮುಚ್ಚಿಹೋಗಿತ್ತು. ನನ್ನ ಸಂಶಯ ಬಲಿಯಿತು.

ಉಳಿದದ್ದು ಒಂದೇ ದಾರಿ. ಕಿರೀಟ ಅಸಲಿಯೋ ನಕಲಿಯೋ ಎಂದು ನೀರಿನಲ್ಲಿ ಮುಳುಗಿಸಿ ಕಂಡುಹಿಡಿದ ಹಳೆಯ ಗ್ರೀಸಿನ ಕಥೆಯನ್ನು ನಾನು ಪ್ರತಿವರ್ಷ ಒಂಬತ್ತನೆಯ ತರಗತಿಗೆ ಅಭಿನಯಿಸಿ ಹೇಳುತ್ತೇನೆ. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಪದಕವನ್ನು ಮೊದಲು ಗಾಳಿಯಲ್ಲಿ ತೂಗಿದೆ, ಆಮೇಲೆ ದಾರ ಕಟ್ಟಿ ನೀರಿನಲ್ಲಿ ತೂಗಿದೆ. ಸಾಂದ್ರತೆ ಹತ್ತೊಂಬತ್ತರ ಸಮೀಪ ಬರಬೇಕಿತ್ತು. ಕಟ್ಟಿನ ಬಂಗಾರ ಸ್ವಲ್ಪ ಕಡಿಮೆ ಅಪ್ಪಟದ್ದೆಂದು ಹಿಡಿದರೂ ಹದಿನೆಂಟು. ಬಂದದ್ದು ಹದಿಮೂರು. ಮೂರು ಸಲ ತೂಗಿದರೂ ಹದಿಮೂರೇ. ವಿಜ್ಞಾನಕ್ಕೆ ದಾಕ್ಷಿಣ್ಯ ಇಲ್ಲ. ಹಿತ್ತಾಳೆಯ ಮೇಲೆ ದಪ್ಪಗೆ ಬಂಗಾರ ಕುಡಿಸಿದ್ದಾರೆ ಎಂದು ತೀರ್ಮಾನಿಸಿದೆ. ನನಗೆ ಬೇಜಾರಾಯಿತು ಎನ್ನುವುದು ನಿಜ. ಕಂಡುಹಿಡಿದೆನಲ್ಲ ಎಂದು ಒಳಗೊಳಗೇ ಸ್ವಲ್ಪ ಹಿಗ್ಗಿದ್ದೂ ನಿಜ.

ಗಿರಿಜಾಗೆ ಹೇಳಲಿಲ್ಲ. ಭಾನುವಾರ ಇಬ್ಬರೂ ಬ್ಯಾಡಗಿಗೆ ಹೋದೆವು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಅತ್ತೆಗೆ ಹೇಳಬೇಕಾದ ಸುಳ್ಳನ್ನು ಬಾಯಿಪಾಠ ಮಾಡಿಕೊಂಡೆ. ‘ಅಪ್ಪಟ ಬಂಗಾರ ಐತ್ರಿ ಅತ್ತಿ’ ಎಂದರೆ ಮುಗಿಯಿತು. ಆದರೆ ಅತ್ತೆ ನನ್ನ ಮುಖ ನೋಡಿದ ಕೂಡಲೇ, “ಇದ್ದದ್ದು ಹೇಳ್ರಿ ಅಂದೇನಿ” ಎಂದರು. ನಾಲ್ಕು ದಶಕ ಮೆಣಸಿನಕಾಯಿ ವ್ಯಾಪಾರಿಗಳ ಮುಖ ನೋಡಿದ ಹೆಂಗಸಿನ ಮುಂದೆ ಮಾಸ್ತರನ ಸುಳ್ಳು ನಡೆಯುತ್ತದೆಯೇ.

“ಬಂಗಾರ ಕಡಿಮಿ ಐತ್ರಿ. ಮ್ಯಾಲಷ್ಟ ಇದ್ದಂಗ ಕಾಣಸ್ತದ” ಎಂದೆ.

ಅತ್ತೆ ಪದಕವನ್ನು ಬೆಳಕಿಗೆ ಹಿಡಿದು ತಿರುಗಿಸಿದರು. “ಹಂಗಾರ ಆತ ರೊಟ್ಟಿ ಉಂಡದ್ದೂ ಬರೇ ಮ್ಯಾಲಷ್ಟ ಏನ್ರಿ” ಎಂದು ಕೇಳಿದರು. ಆಗ ನನಗೆ ನಿಜವಾಗಿ ಸಂಕಟವಾಯಿತು. ಆ ಹದಿಮೂರನ್ನು ನಾನೇ ಎಲ್ಲಿಂದಲೋ ಕದ್ದು ತಂದವನಂತೆ ನಿಂತಿದ್ದೆ.

ಗಿರಿಜಾ ಮಾತ್ರ, “ಇವ್ರು ನೋಡ್ಯಾರಂದ್ರ ಇನ್ನೊಬ್ರು ನೋಡಬೇಕವ್ವ. ಮಿಕ್ಸರ್ ಮರತಿಯೇನು? ನಡಿ, ಕಟ್ಟು ಹಾಕಿದ ಪತ್ತಾರ್ರು ಅದಾರಲ್ಲ” ಎಂದು ಆಗಲೇ ಹೊರಡಿಸಿದಳು. ಮೂವರೂ ರಾಣೆಬೆನ್ನೂರಿನ ಬಸ್ಸು ಹತ್ತಿದೆವು.

ಪತ್ತಾರ ಮೌನೇಶಪ್ಪನವರಿಗೆ ಈಗ ವಯಸ್ಸಾಗಿದೆ. ಪದಕವನ್ನು ಅಂಗೈ ಮೇಲೆ ಇಟ್ಟುಕೊಂಡ ಕೂಡಲೇ ತಮ್ಮ ಕೆಲಸ ಗುರುತಿಸಿದರು. ನಾನು ಗಾಳಿ, ನೀರು, ಹದಿಮೂರು ಎಲ್ಲವನ್ನೂ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿಕೊಂಡು, “ಲೆಕ್ಕ ಬರೋಬ್ಬರಿ ಐತ್ರಿ ಸರ್. ಒಳಗಿನ ಅರಗು ಎಷ್ಟ ಹಿಡದ್ರಿ?” ಎಂದರು.

“ಅರಗು?”

“ನಾಣ್ಯಕ್ಕೂ ತಗಡಿಗೂ ನಡುವ ಅರಗು ತುಂಬೇನಲ್ರಿ. ಇಲ್ಲಂದ್ರ ಅಮ್ಮಾರು ತಿಕ್ಕೋ ತಿಕ್ಕಿಗೆ ಲಕ್ಷ್ಮಿ ಎಂದೋ ನೆಗ್ಗಿ ಹೋಗ್ತಿದ್ಲು.”

ಗಿರಿಜಾ ನನ್ನ ಕಡೆ ನೋಡಿದಳು. ಪದಕದೊಳಗೆ ಅರಗು ಇರುತ್ತದೆ ಎನ್ನುವುದು ಬಂಗಾರ ಹಾಕಿಕೊಳ್ಳುವ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಂತೆ. ನೀರಿನಂತೆಯೇ ಹಗುರವಾದ ಅರಗನ್ನು ಬಂಗಾರವೆಂದು ತೂಗಿ, ನಾನು ಒಂದು ದೇಶವನ್ನೇ ಮೋಸಗಾರ ಮಾಡಿದ್ದೆ. ಮೌನೇಶಪ್ಪ ಮೆಲ್ಲಗೆ ಕಾಯಿಸಿ ನಾಣ್ಯವನ್ನು ಬಿಡಿಸಿದರು. ಅಂಚನ್ನು ಕೊಂಚ ಆಳಕ್ಕೆ ಕೆರೆದು ಒರೆಗಲ್ಲಿಗೆ ಎಳೆದು, ಗೆರೆಯ ಮೇಲೆ ಆಸಿಡ್ ಹಾಕಿದರು. ಗೆರೆ ಮಾಸಲಿಲ್ಲ. “ಅಪ್ಪಟ ಐತ್ರಿ. ಇಂಥದು ನಮ್ಮ ಅಂಗಡ್ಯಾಗ ಇದೊಂದ ಬಂದದ್ದು” ಎಂದರು. ಇಷ್ಟು ವರ್ಷ ಅರಗಿನೊಳಗೆ ಹುದುಗಿದ್ದ ಹಿಂಬದಿಯನ್ನು ಒರೆಸಿ ತೋರಿಸಿದರು. ಅಲ್ಲೊಂದು ದುಂಡನೆಯ ದೇವಸ್ಥಾನ, ಸುತ್ತ ಚೀನೀ ಅಕ್ಷರಗಳು, ಬಯಲು ವಿಡಿಯೋದವರು ಹೇಳಿದ ಹಾಗೆಯೇ ಕನ್ನಡಿ. ಅತ್ತೆ ಅದರಲ್ಲಿ ತಮ್ಮ ಮುಖ ನೋಡಿಕೊಂಡರು. ತಿಕ್ಕದೇ ಇದ್ದಿದ್ದರೆ ಸಂಗ್ರಹಕಾರರು ಹಾತೊರೆಯುತ್ತಿದ್ದರು ಎಂದು ನಾನು ಬಾಯಿ ಬಿಟ್ಟೆ. “ಅವರ ಕೈಯಾಗ ಯಾಕ ಕೊಡ್ಲಿ” ಎಂದರು ಅತ್ತೆ. ಮತ್ತೆ ಅರಗು ತುಂಬಿಸಿ, ಕಟ್ಟು ಕೂಡಿಸಿ, ಪದಕವನ್ನು ಅಲ್ಲಿಯೇ ಹಾಕಿಕೊಂಡು ಬಸ್ಸು ಹತ್ತಿದರು.

ಬಸ್ಸಿನಲ್ಲಿ ನನಗೊಂದು ಯೋಚನೆ ಹತ್ತಿತು. ಭಾಷೆ ಬಾರದ ಆ ಮನುಷ್ಯ ಒಂದು ಹೊತ್ತು ಉಂಡು ಬಂಗಾರ ಕೊಟ್ಟು ತಲೆಬಾಗಿದ. ಇಪ್ಪತ್ತೆರಡು ವರ್ಷದಿಂದ ಉಣ್ಣುತ್ತಿರುವ ನಾನು ಒಮ್ಮೆಯೂ ಅಡುಗೆ ಚೊಲೋ ಆಗಿದೆ ಎಂದು ಹೇಳಿದವನಲ್ಲ. ಅಳಿಯನಾದವನು ಮಾವನ ಮನೆಯಲ್ಲಿ ಊಟ ಹೊಗಳಿದರೆ ಹೊಟ್ಟೆಬಾಕನಂತೆ ಕಾಣುತ್ತಾನೆ ಎಂದು ನಮ್ಮವ್ವ ಮದುವೆಯ ಮುಂಚೆ ಹೇಳಿಕೊಟ್ಟಿದ್ದಳು. ಅದನ್ನೇ ಪಾಲಿಸಿಕೊಂಡು ಬಂದಿದ್ದೆ. ನನ್ನ ಮೇಲೆ ನನಗೇ ನಾಚಿಕೆಯಾಯಿತು. ಇವತ್ತು ಹೇಳಿಯೇ ತೀರಬೇಕೆಂದು ನಿಶ್ಚಯಿಸಿದೆ.

ಬ್ಯಾಡಗಿಯ ಮನೆ ಮುಟ್ಟುವಾಗ ಊಟದ ಹೊತ್ತು ಮೀರಿತ್ತು. ನಾನು ಕೈಕಾಲು ತೊಳೆದು ಸ್ವಲ್ಪ ಅಡ್ಡಾದೆ. ಗಿರಿಜಾ ಕರೆದಾಗ ಎದ್ದು ಕುಳಿತರೆ ತಾಟಿನಲ್ಲಿ ರೊಟ್ಟಿ, ಎಣ್ಣೆಗಾಯಿ. ಅತ್ತೆ ಬಡಿಸಲು ಎದುರಿಗೆ ಕುಳಿತಿದ್ದರು. ಎರಡು ತುತ್ತು ಉಂಡು, ಗಂಟಲು ಸರಿಮಾಡಿಕೊಂಡು, “ಅತ್ತಿ, ಇಷ್ಟು ವರ್ಷ ಹೇಳಿಲ್ರಿ, ತಪ್ಪಾತು. ಈ ಪಲ್ಯ ಮಾಡೋ ಕೈ ಇಡೀ ಜಿಲ್ಲಾದಾಗ ನಿಮ್ಮದೊಂದ ಕೈ. ಎಲ್ಲಿ ಉಂಡ್ರೂ ನಾ ಗುರ್ತ ಹಿಡೀತೇನಿ” ಎಂದೆ.

ಅತ್ತೆ ನನ್ನನ್ನು ನೋಡಿದರು. ಗಿರಿಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

“ಹೊತ್ತಾಗಿತ್ತಲ್ರಿ,” ಎಂದರು ಅತ್ತೆ, ಇನ್ನೊಂದು ರೊಟ್ಟಿ ನನ್ನ ತಾಟಿಗೆ ಹಾಕುತ್ತ, “ಗಿರಿಜಾ ಬಸ್‌ಸ್ಟ್ಯಾಂಡಿನ ಖಾನಾವಳಿಯಿಂದ ಕಟ್ಟಿಸಿಕೊಂಡು ಬಂದಾಳ. ಇರ್ಲಿ ಬಿಡ್ರಿ ಅಳಿಯಾರ, ಹೇಳಿದ್ರಲ್ಲ, ಸಾಕು.”