ಅತ್ತೆಯ ಬಿಸಿಲು ಬೇಸಾಯ

ಕುಂದಲಹಳ್ಳಿಯಲ್ಲಿ ಇನ್ನೂ ಬೇಸಾಯ ಬಿಡದವರು ಯಾರಾದರೂ ಇದ್ದರೆ ಅದು ನಮ್ಮತ್ತೆ ಒಬ್ಬಳೇ! ರಾಗಿ ಹೊಲದಲ್ಲಿ ಬಾಡಿಗೆ ಮನೆಗಳೆದ್ದಿವೆ, ನಿಜ. ಆದರೆ ಅವುಗಳ ತಾರಸಿಯ ಮೇಲೆ ಆಕೆ ಬಿಸಿಲು ಬೆಳೆಯುತ್ತಾಳೆ.

ಈಕೆ ನಮ್ಮಪ್ಪನ ಅಕ್ಕ. ಅಪ್ಪ ಲೈನ್‌ಮನ್. ಲೈನ್ ಆಫ್ ಮಾಡಿಯೇ ಕಂಬ ಹತ್ತಿದ್ದ; ಯಾರದೋ ಜನರೇಟರಿನ ಕರೆಂಟು ತಂತಿಗೆ ವಾಪಸ್ ಹರಿದು ಅಲ್ಲೇ ಹೋಗಿಬಿಟ್ಟ. ಆಮೇಲೆ ನನ್ನನ್ನು ಸಾಕಿದವಳು ಅತ್ತೆ. ಕರೆಂಟು ಹೋದಾಗಲೆಲ್ಲ ಅವಳ ಮುಖ ಬಾಡುತ್ತಿತ್ತು. ಅಂಥವಳು ಸೋಲಾರ್ ಹಾಕಿಸಿದ್ದೇಕೆ?

"ಆ ಕಂಬದ ಸಾವಾಸವೇ ಬ್ಯಾಡ ಅಂತ!"

ಹಾಕಿಸಿದ ಮೇಲೆ ಗೊತ್ತಾಯಿತು, ಇದರ ತಂತಿಯೂ ಹೋಗುವುದು ಅದೇ ಕಂಬಕ್ಕೆ! ಮನೆಗೆ ಸಾಲಿ ಮಿಕ್ಕಿದ್ದು ಊರಿಗೆ. ಎರಡು ದಿನ ಮುನಿಸಿಕೊಂಡಿದ್ದಳು. ಆಮೇಲೆ ಒಳಗಿನ ಬೇಸಾಯಗಾರ್ತಿ ಎದ್ದು ಕೂತಳು. ಪ್ಯಾನೆಲ್‌ಗಳಿಗೆ ದಿನವೂ ಎತ್ತಿನ ಮೈ ತೊಳೆದಂತೆ ಸ್ನಾನ. ಬಾಡಿಗೆ ಹುಡುಗಿಯೊಬ್ಬಳು ಪಕ್ಕದಲ್ಲಿ ಬೆಡ್‌ಶೀಟ್ ಒಣಹಾಕಿದ್ದಕ್ಕೆ, "ಬೆಳೆ ಮ್ಯಾಲೆ ನೆಳ್ಳು ಬೀಳುಸ್ತೀಯಾ?" ಎಂದು ಕೂಗಾಡಿದಳು. ಯಾವ ಬೆಳೆಯೆಂದು ಆ ಹುಡುಗಿಗೆ ಇಂದಿಗೂ ತಿಳಿದಿಲ್ಲ.

ಎದುರು ಮನೆಯಲ್ಲಿ ಮಿಕ್ಸಿ ಸದ್ದಾದರೆ ಸಾಕು, "ಕೇಳ್ದೇನ್ಲಾ? ನಮ್ ಕರೆಂಟಲ್ಲೇ ಚಟ್ನಿ ರುಬ್ತಾವ್ಳೆ!" ಹಾಗೆಂದು ಹೋಗಿ ಒಂದು ಬಟ್ಟಲು ಚಟ್ನಿ ವಸೂಲಿ ಮಾಡಿಕೊಂಡು ಬಂದಿದ್ದೂ ಉಂಟು! ನಗುತ್ತಲೇ ನಾನು ಯೋಚಿಸಿದೆ. ಎಲ್ಲಿಂದಲೋ ಬರುತ್ತಿದ್ದ ಕರೆಂಟಿಗೆ ಊರು, ಮನೆ, ಮುಖ ಯಾವುದೂ ಇರಲಿಲ್ಲ. ಈಗ ಪಕ್ಕದ ತಾರಸಿಯದೆಂದರೆ ಹೆಪ್ಪಿಗೆ ಮೊಸರು ಕೊಟ್ಟಷ್ಟು ಹತ್ತಿರದ ಸಂಗತಿ.

ಒಂದು ಮಧ್ಯಾಹ್ನ ಬೀದಿಯ ಕರೆಂಟು ಹೋಯಿತು. ಅತ್ತೆಯ ಫ್ಯಾನೂ ನಿಂತಿತು! ಸೋಲಾರ್ ಕಂಪನಿಯ ಇಂಜಿನಿಯರನ್ನು ಕರೆಸಿ ಜಾಡಿಸಿದಳು: "ಸೂರ್ಯ ಏನ್ ರಜಾ ಆಕವ್ನಾ?"

"ಇಲ್ಲಮ್ಮ. ಲೈನ್ ಆಫ್ ಇದ್ದಾಗ ಲೈನ್‌ಮನ್ ಕಂಬದ ಮೇಲಿರಬಹುದು. ನಿಮ್ಮ ಕರೆಂಟ್ ತಂತಿಗೆ ಹರಿದ್ರೆ ಅವರಿಗೆ ಹೊಡೆಯುತ್ತೆ. ಅದಕ್ಕೇ ಈ ಸೋಲಾರ್ ಪೆಟ್ಟಿಗೆ ತಾನಾಗೇ ನಿಂತ್ಬಿಡುತ್ತೆ."

ಅತ್ತೆ ಒಮ್ಮೆ ಬೀದಿಯ ಕಂಬದತ್ತ ನೋಡಿ ಒಳಗೆ ಹೋದಳು.

ಮೊನ್ನೆ ಮತ್ತೆ ಕರೆಂಟು ಹೋಯಿತು. ಬಾಡಿಗೆಯವರು ಕೆಳಗಿನಿಂದ ಕೂಗಿದರು: "ಸೋಲಾರ್ ಇದ್ರೂ ಕರೆಂಟಿಲ್ವಾ ಆಂಟಿ?"

"ಯಾರೋ ಕಂಬ ಅತ್ತವ್ನೆ. ತಡ್ಕಳ್ರಿ."

ನಾನು ತಾರಸಿಗೆ ಹೋದೆ. ಸುಡುವ ಬಿಸಿಲಲ್ಲಿ ಅತ್ತೆ ನಿಂತುಹೋಗಿದ್ದ ಸೋಲಾರ್ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತಿದ್ದಳು.

"ಇದುಕ್ಕಿರೋ ಬುದ್ಧಿ ಆವತ್ತು ಆ ಜನರೇಟರಿಗೆ ಇದ್ದಿದ್ರೆ..." ಎಂದಳು. ನಾನು ಪಕ್ಕದಲ್ಲಿ ಕೂತೆ.

ಸ್ವಲ್ಪ ಹೊತ್ತಿಗೆ ಕೆಳಗೆ ಫ್ಯಾನು ತಿರುಗಿದ ಸದ್ದು, ಎದುರು ಮನೆಯಲ್ಲಿ ಮಿಕ್ಸಿ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ಇಳ್ದ ಕಣ್ಲಾ," ಎಂದಳು. "ಮನೆಗೋಯ್ತಾನೆ."